ಉಗುರು ಕಾಣದ ಹಾವುರಾಣಿ

ಪ್ರಶ್ನೆ: ನಮ್ಮ ಕಾಫಿ ತೋಟ ಕಾಡಿಗೆ ತಾಗಿಕೊಂಡಿದೆ. ಮೊನ್ನೆ ಕಾಡಿನ ಅಂಚಿನಲ್ಲಿ ತರಗೆಲೆ ಸರಿಸುವಾಗ ಬೆರಳುದ್ದದ ಕಂದು ಹಾವುರಾಣಿ ಹೊರಬಂತು. ಫೋಟೊ ದೊಡ್ಡದು ಮಾಡಿ ನೋಡಿದರೆ ಕಾಲಲ್ಲಿ ಉಗುರೇ ಇಲ್ಲ! ಉದುರಿ ಹೋಗಿದೆಯಾ? ಹಾವುರಾಣಿ ಕಚ್ಚಿದರೆ ವಿಷ ಏರುತ್ತದೆ ಅಂತ ನಮ್ಮತ್ತೆ ಬೇರೆ ಹೆದರಿಸುತ್ತಾರೆ.
— ಓದುಗರೊಬ್ಬರು, ಕೊಡಗು

ಉತ್ತರ: ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಹಾವುರಾಣಿಗೆ ವಿಷ ಇಲ್ಲ. ಹೆಸರಲ್ಲಿ ಹಾವು ಇದೆ ಅಂತ ಸುಮ್ನೆ ಪಾಪದ ಪ್ರಾಣಿ ಪೆಟ್ಟು ತಿನ್ನುತ್ತಿದೆ.

ಉಗುರು ಉದುರಿಲ್ಲ, ಒಳಗೆ ಎಳೆದುಕೊಂಡಿದೆ. ಬೆಕ್ಕು ಮಾಡುತ್ತದಲ್ವಾ, ಹಾಗೆ. ರಿಸ್ಟೆಲ್ಲ ಎಂಬ ಗುಂಪಿನ ಹಾವುರಾಣಿಗಳಿಗೆ ಒಂದೊಂದು ಉಗುರಿಗೂ ಹುರುಪೆಯ ಒರೆ ಇರುತ್ತದೆ. ಬೇಡವಾದಾಗ ಉಗುರು ಅದರೊಳಗೆ ಅಡಗುತ್ತದೆ. ಈ ಗುಂಪಿನಲ್ಲಿ ಇರುವುದೇ 4 ಜಾತಿ, ನಾಲ್ಕೂ ಪಶ್ಚಿಮ ಘಟ್ಟದ ದಕ್ಷಿಣ ಭಾಗದವು. ಪ್ರಪಂಚದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಕೊಡಗಿನ ಕಡೆ ಇರುವುದು ರಿಸ್ಟೆಲ್ಲ ಬೆಡೋಮಿ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಬೆಡೋಮ್ ನೆನಪಿಗೆ 1887ರಲ್ಲಿ ಪ್ರಾಣಿಶಾಸ್ತ್ರಜ್ಞ ಬೂಲಾಂಜೆ ಇಟ್ಟ ಹೆಸರು ಅದು.

ಉಗುರು ಕಾಣಲಿಲ್ಲ ಅನ್ನುವುದೊಂದನ್ನೇ ನಾನು ನಂಬುವುದಿಲ್ಲ. ಫೋಟೊ ಮಸುಕಾದರೂ ಉಗುರು ಮಾಯವಾಗುತ್ತದೆ. ಅದಕ್ಕೇ ನಿಮ್ಮ ಫೋಟೊದಲ್ಲಿ ಬೆರಳು ಎಣಿಸಿದೆ. ಹಿಂಗಾಲಲ್ಲಿ 5, ಮುಂಗಾಲಲ್ಲಿ 4. ರಿಸ್ಟೆಲ್ಲದ ಲೆಕ್ಕವೂ ಇದೇ. ಮನೆ ಸುತ್ತ ಓಡಾಡುವ ಹಾವುರಾಣಿಗಾದರೆ ಮುಂದೂ ಹಿಂದೂ ಐದೈದು. ಬಣ್ಣ ನೋಡಿ ಗುರುತು ಹಿಡಿಯಲು ಹೋಗಬೇಡಿ, ತರಗೆಲೆಯಲ್ಲಿ ಬದುಕುವ ಹಾವುರಾಣಿಗಳಲ್ಲಿ ಕಂದು ಬಣ್ಣದವೇ ಜಾಸ್ತಿ.

ಇವು ಮರ ಹತ್ತುವ ಗೋಜಿಗೆ ಹೋಗುವುದು ಕಡಿಮೆ. ಒದ್ದೆ ಎಲೆಯ ಕೆಳಗೇ ಇವುಗಳ ಸಂಸಾರ. ಸಣ್ಣ ಹುಳುಹುಪ್ಪಟೆಯೇ ಊಟ. ನಡು ಬಿಸಿಲಲ್ಲೂ ಅಲ್ಲಿ ತೇವ ಆರುವುದಿಲ್ಲ. ಎಲೆ ಗುಡಿಸಿ ಬೆಂಕಿ ಹಾಕಿದರೆ ಮನೆ, ಊಟ ಎರಡೂ ಒಟ್ಟಿಗೆ ಹೋಗುತ್ತವೆ. ತೋಟದೊಳಗೆ ನಿಮ್ಮಿಷ್ಟ, ಕಾಡಿನ ಅಂಚಿನ ತರಗೆಲೆಯನ್ನು ಮಾತ್ರ ಹಾಗೇ ಬಿಡಿ.

ಮತ್ತೆ ಕಂಡರೆ ಹಿಡಿಯಬೇಡಿ. ಬಾಲ ಕಳಚಿ ನಿಮ್ಮ ಕೈಯಲ್ಲೇ ಬಿಟ್ಟು ಓಡುತ್ತದೆ. ಹೊಸ ಬಾಲ ಬರುತ್ತದೆ, ನಿಜ. ಆದರೆ ಅದರೊಳಗೆ ಮೂಳೆ ಇರುವುದಿಲ್ಲ, ಮೆದುಮೂಳೆಯ ಕಡ್ಡಿಯಷ್ಟೇ. ಹಳೆಯ ಬಾಲದಲ್ಲಿ ಕೂಡಿಟ್ಟ ಕೊಬ್ಬೂ ನಷ್ಟ. ಮೇಲಿನಿಂದ ಒಂದು, ಮುಂಗಾಲಿನದು ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸಿ, ಸಾಕು.