ವಿಧಾನಮಂಡಲದ ಸಮಿತಿಗಳಿಂದ ಬಡವರ ಮನೆ ಯೋಜನೆ ಬದಲಾಗುತ್ತಾ?

ಶಿರಾ ಕಡೆ ನಿಮ್ಮೂರಲ್ಲಿ ಬಸವ ವಸತಿ ಮನೆಗಳು ಪಾಯಕ್ಕೇ ನಿಂತಿವೆ, ವಿಧಾನಮಂಡಲದ ಸಮಿತಿಗಳು ಇದನ್ನೆಲ್ಲ ನೋಡಲ್ವಾ ಅಂತ ಕೇಳಿದ್ದೀರಿ.

ನೋಡುತ್ತವೆ. ಆದರೆ ಅವು ಆದೇಶ ಹೊರಡಿಸುವುದಿಲ್ಲ, ಶಿಫಾರಸು ಮಾಡುತ್ತವೆ ಅಷ್ಟೇ. ಅವುಗಳ ಬಲ ಇರುವುದು ಅಧಿಕಾರಿಗಳನ್ನು ಕೂರಿಸಿ ಕೇಳುವುದರಲ್ಲಿ.

ಸಾರ್ವಜನಿಕ ಲೆಕ್ಕಪತ್ರ ಸಮಿತಿಯನ್ನೇ ತಗೊಳ್ಳಿ. ಎರಡೂ ಸದನದ ಸದಸ್ಯರಿರುತ್ತಾರೆ, ಮಂತ್ರಿಗಳಿಗೆ ಜಾಗವಿಲ್ಲ. ರೂಢಿಯಂತೆ ಅಧ್ಯಕ್ಷರು ವಿರೋಧ ಪಕ್ಷದವರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿ ಹಿಡಿದುಕೊಂಡು ಇಲಾಖೆಯವರನ್ನು ಕರೆಸುತ್ತಾರೆ.

ನಿಮ್ಮೂರಿನ ವಿಷಯವನ್ನೇ ನೋಡಿ. ಈ ಯೋಜನೆ ನಡೆಸುವ ರಾಜೀವ್ ಗಾಂಧಿ ವಸತಿ ನಿಗಮ ದುಡ್ಡನ್ನು ಕಂತಿನಲ್ಲಿ ಕೊಡುತ್ತದೆ: ಪಾಯ, ಲಿಂಟಲ್, ಚಾವಣಿ, ಆಮೇಲೆ ಕೆಲಸ ಮುಗಿದ ಮೇಲೆ. ಪ್ರತಿ ಹಂತಕ್ಕೂ ಜಾಗ ತೋರಿಸುವ ಜಿಪಿಎಸ್ ಫೋಟೋ ಆನ್‌ಲೈನ್‌ಗೆ ಏರಬೇಕು. ಅಂದರೆ ಮುಂದಿನ ಕಂತು ಬರಬೇಕಾದರೆ ಗೋಡೆ ಮೊದಲೇ ಎದ್ದಿರಬೇಕು. ಕೂಲಿ ಮಾಡುವವರು ಸಿಮೆಂಟಿಗೆ ದುಡ್ಡು ಎಲ್ಲಿಂದ ತರುತ್ತಾರೆ? ಇಂಥ ತೊಡಕು ಸಮಿತಿಯ ವರದಿಗೆ ಬಂದರೆ, ಏನು ಕ್ರಮ ತಗೊಂಡಿರಿ ಎಂಬುದಕ್ಕೆ ಇಲಾಖೆ ಲಿಖಿತವಾಗಿ ಉತ್ತರ ಕೊಡಬೇಕಾಗುತ್ತದೆ. ಬಾಯಿಮಾತಿನ ಭರವಸೆ ಅಲ್ಲಿ ನಡೆಯಲ್ಲ. ನಿಯಮ ತಿದ್ದಲು ಒತ್ತಡ ಹುಟ್ಟುವುದೇ ಇಲ್ಲಿ. ಆದರೆ ತುಂಬಾ ನಿಧಾನ, ವರ್ಷಗಳೇ ಹಿಡಿಯಬಹುದು.

ಹಾಗಾಗಿ ನಿಂತಿರುವ ಕಂತಿಗೆ ಸಮಿತಿಯನ್ನು ಕಾಯಬೇಡಿ. ಮೊದಲು ಗ್ರಾಮ ಪಂಚಾಯಿತಿಯ ಪಿಡಿಒ ಹತ್ತಿರ ಹೋಗಿ ಫೋಟೋ ಏರಿದೆಯಾ ನೋಡಿ, ಅಲ್ಲಿ ಕೆಲಸ ಆಗಲಿಲ್ಲ ಅಂದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ ಹೋಗಿ. ಇಡೀ ಊರಿನದ್ದೇ ತೊಂದರೆ ಆಗಿದ್ದರೆ, ನಿಮ್ಮ ಶಾಸಕರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಗೂ ಕೊಡಬಹುದು.