ಓದುಗರ ಪ್ರಶ್ನೆ: ರಸ್ತೆ ಪಕ್ಕದ ಹುಣಸೆ ಮರ, ಟ್ರ್ಯಾಕ್ಟ್ರು, ಜೆಸಿಬಿ

ಪ್ರಶ್ನೆ: ಸಾರ್, ನಮ್ಮದು ಗುಬ್ಬಿ ತಾಲೂಕು. ಹೊಲದ ಮುಂದೆ ರಸ್ತೆ ಪಕ್ಕ ಹಳೇ ಹುಣಸೆ ಮರ ಐತೆ, ಇಬ್ರು ತಬ್ಬಿದ್ರೂ ಸಿಗಲ್ಲ ಅಷ್ಟು ದಪ್ಪ. ಬುಡ ಒಂದು ಕಡೆ ಟೊಳ್ಳಾಗಿ ರಸ್ತೆ ಕಡೆಗೆ ವಾಲ್ಕೊಂಡೈತೆ, ಕೆಳಗೆ ಸ್ಕೂಲ್ ಮಕ್ಕಳು ಓಡಾಡ್ತಾರೆ, ಪಕ್ಕದಲ್ಲೇ ಕರೆಂಟ್ ಲೈನು. ನಮ್ಮತ್ರ ಟ್ರ್ಯಾಕ್ಟ್ರು ಐತೆ, ಮಾವನ ಜೆಸಿಬಿ ಐತೆ. ಈ ಕಡೆಯಿಂದ ಹಗ್ಗ ಕಟ್ಟಿ ಎಳೆದು, ಆ ಕಡೆಯಿಂದ ತಳ್ಳಿ ಹೊಲಕ್ಕೆ ಬೀಳಿಸೋಣ ಅಂತಿದೀವಿ. ಹೆಂಗೆ ಮಾಡಿದ್ರೆ ಸೇಫು?

ಉತ್ತರ: ಈ ಮರಾನ ಒಂದೇ ಸಲಕ್ಕೆ ಬೀಳಿಸೋಕೆ ಹೋಗ್ಲೇಬೇಡಿ. ಅದು ವಾಲಿರೋದು ರಸ್ತೆಗೆ, ನಿಮಗೆ ಬೇಕಿರೋದು ಹೊಲದ ಕಡೆಗೆ, ಬುಡ ಬೇರೆ ಟೊಳ್ಳು. ಕೊಂಬೆ ಸಮೇತ ಅಷ್ಟೂ ತೂಕ ಒಂದು ಕಡೆ ಜಗ್ತಿರುವಾಗ ಟ್ರ್ಯಾಕ್ಟ್ರು ಇನ್ನೊಂದು ಕಡೆ ಎಳೆದ್ರೆ ಒಂದೋ ಹಗ್ಗ ಕಿತ್ಕೊಳ್ಳುತ್ತೆ, ಇಲ್ಲಾ ಬುಡ ಸೀಳ್ಕೊಂಡು ಮರ ತನಗೆ ಬೇಕಾದ ಕಡೆ ಹೋಗುತ್ತೆ. ಇಂಥ ಮರಕ್ಕೆ ಕ್ರೇನ್ ತರಿಸಿ ಮೇಲಿಂದ ಒಂದೊಂದೇ ಕೊಂಬೆ ಕಟ್ಟಿ, ಕೊಯ್ದು, ಇಳಿಸ್ಕೊಂಡು ಬರೋದೇ ದಾರಿ. ಖರ್ಚು ಜಾಸ್ತಿ ಆಗುತ್ತೆ ನಿಜ, ಆದ್ರೆ ಕೆಳಗೆ ಓಡಾಡೋದು ಮಕ್ಕಳು.

ಅದಕ್ಕೂ ಮೊದಲು, ರಸ್ತೆ ಪಕ್ಕದ ಮರ ನಿಮ್ಮದಲ್ಲ. ಪಂಚಾಯ್ತಿಗೂ ಅರಣ್ಯ ಇಲಾಖೆ ರೇಂಜ್ ಆಫೀಸಿಗೂ ಅರ್ಜಿ ಕೊಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿ ಅನುಮತಿ ಬೇಕೇ ಬೇಕು, ಆದ್ರೆ ಅದೇ ಕಾಯ್ದೆಯಲ್ಲಿ ಜೀವಕ್ಕೆ ಆಸ್ತಿಗೆ ಅಪಾಯ ಇರೋ ಮರಕ್ಕೆ ಅನುಮತಿ ನಿರಾಕರಿಸಬಾರದು ಅಂತಾನೂ ಐತೆ. ಅದಕ್ಕೇ ಅರ್ಜಿಯಲ್ಲಿ ಟೊಳ್ಳು ಬುಡದ ಫೋಟೋ, ವಾಲಿರೋ ಫೋಟೋ, ಮಕ್ಕಳು ಓಡಾಡೋ ದಾರಿ ಅನ್ನೋದು ಎಲ್ಲಾ ಬರಲಿ. ಆಮೇಲೆ ಬೆಸ್ಕಾಂ ಸೆಕ್ಷನ್ ಆಫೀಸು. ಲೈನ್ ಆಫ್ ಮಾಡ್ಸಿ, ಲೈನ್‌ಮ್ಯಾನ್ ಸ್ಥಳದಲ್ಲೇ ನಿಂತಿರಬೇಕು, ಫೋನಲ್ಲಿ "ಆಫ್ ಮಾಡಿದೀವಿ" ಅಂದಿದ್ದನ್ನ ನಂಬ್ಕೊಂಡು ಮರಕ್ಕೆ ಯಾರನ್ನೂ ಹತ್ತಿಸ್ಬೇಡಿ.

ಜೆಸಿಬಿಯಲ್ಲಿ ತಳ್ಳೋ ಯೋಚನೆ ಪೂರ್ತಿ ಬಿಡಿ. ಬಕೆಟ್ಟು ಮುಟ್ಟೋದು ಮರದ ಕೆಳಭಾಗಕ್ಕೆ, ಅಲ್ಲಿ ಅಲುಗಾಡಿಸಿದ್ರೆ ಮೇಲಿನ ಒಣ ಕೊಂಬೆ ಕಿತ್ತು ನೇರ ಕ್ಯಾಬಿನ್ ಮೇಲೆ ಬರುತ್ತೆ, ಮರ ವಾಲಿದ್ದಂಗೆ ಬುಡದ ಬೇರು ಮಣ್ಣು ಸಮೇತ ಎದ್ದು ಗಾಡಿ ಮುಂಭಾಗಾನೇ ಎತ್ತಿಬಿಡುತ್ತೆ. ಒಂದು ಕಡೆ ಬೇರು ಕಿತ್ತು ಬೀಳಿಸೋದೂ ಅಷ್ಟೇ, ಯಾವ ಕಡೆ ಬೀಳುತ್ತೆ ಅಂತ ಯಾರ ಕೈಯಲ್ಲೂ ಇರಲ್ಲ. ಬಕೆಟ್ಟಲ್ಲಿ ಆಳು ನಿಲ್ಲಿಸಿ ಮೇಲೆತ್ತಿ ಕೈಗೆ ಮಿಷನ್ ಕೊಡೋದನ್ನ ನಮ್ಮ ಕಡೆ ತುಂಬಾ ನೋಡ್ತೀವಿ, ದಯವಿಟ್ಟು ಅದೊಂದು ಮಾಡ್ಬೇಡಿ. ಮರ ನೆಲಕ್ಕೆ ಬಿದ್ದ ಮೇಲೆ ದಿಮ್ಮಿ ಸರಿಸೋಕೆ, ಬೊಡ್ಡೆ ಕೀಳೋಕೆ ಜೆಸಿಬಿ ಕರೀರಿ.

ಇನ್ನು ಟ್ರ್ಯಾಕ್ಟ್ರು. ಕೊಂಬೆಯೆಲ್ಲ ಇಳಿದ ಮೇಲೆ ಉಳಿಯೋ ಮೋಟು ಬುಡಾನೂ ಟೊಳ್ಳಿರೋ ಕಡೆ ಕಚ್ಚು (ಬೀಳೋ ಕಡೆ ಬುಡದಲ್ಲಿ ಕೊಯ್ದು ತೆಗೆಯೋ ಬಾಯಿ) ನಿಲ್ಲಲ್ಲ, ಅದನ್ನ ಕ್ರೇನಲ್ಲೇ ತುಂಡು ಮಾಡ್ಸಿ. ಬುಡ ಗಟ್ಟಿಯಿದ್ದು, ನೆಟ್ಟಗಿದ್ದು, ಬೀಳೋ ಕಡೆ ಜಾಗ ಖಾಲಿ ಇರೋ ಬೇರೆ ಮರಕ್ಕೆ ಟ್ರ್ಯಾಕ್ಟ್ರು ಸಹಾಯಕ್ಕೆ ಬರುತ್ತೆ. ಅಲ್ಲೂ ಮರ ಬೀಳಿಸೋದು ಗರಗಸದ ಕೆಲಸ, ಟ್ರ್ಯಾಕ್ಟ್ರು ಹಗ್ಗ ಬಿಗಿ ಹಿಡ್ಕೊಂಡು ದಾರಿ ತೋರಿಸ್ಬೇಕು ಅಷ್ಟೇ. ಬೀಳಬೇಕಾದ ಕಡೆ ಬುಡದ ಅಡ್ಡಗಲದ ಕಾಲು ಭಾಗದಷ್ಟು ಆಳ ಕಚ್ಚು ತೆಗೀರಿ, ಅಂದ್ರೆ 2 ಅಡಿ ಅಗಲದ ಬುಡಕ್ಕೆ 6 ಇಂಚು. ಆಮೇಲೆ ಹಿಂದಿನಿಂದ, ಕಚ್ಚಿಗಿಂತ ಒಂದೆರಡು ಇಂಚು ಮೇಲೆ ಕೊಯ್ತಾ ಬನ್ನಿ, ಪೂರ್ತಿ ಕೊಯ್ದು ಹಾಕ್ಬೇಡಿ, ಮಧ್ಯ 2 ಇಂಚಿಗಿಂತ ಸ್ವಲ್ಪ ಜಾಸ್ತಿ ಮರ ಉಳೀಬೇಕು. ಆ ಪಟ್ಟಿನೇ ಬಾಗಿಲ ಕೀಲಿನ ಥರ ಮರಾನ ಹಿಡಿದು ಬಗ್ಗಿಸುತ್ತೆ. ಗರಗಸ ಸಿಕ್ಕಿ ಹಾಕ್ಕೊಳ್ಳದಂಗೆ ಬೆಣೆ ಹೊಡೀತಿರಿ.

ಹಗ್ಗಾನ ಮರದ ಮುಕ್ಕಾಲು ಎತ್ತರದ ಹತ್ರ ಗಟ್ಟಿ ಕಾಂಡಕ್ಕೆ ಕಟ್ಟಿ, ಉದ್ದ ಮರದ ಎತ್ತರದ ಎರಡರಷ್ಟಾದ್ರೂ ಇರಲಿ. ಎತ್ತರ ಗೊತ್ತಾಗ್ಬೇಕಾ? ಕಣ್ಣಿಂದ ಚಾಚಿದ ಕೈಗೆ ಎಷ್ಟು ದೂರಾನೋ ಅಷ್ಟುದ್ದದ ಕೋಲು ನೆಟ್ಟಗೆ ಹಿಡ್ಕೊಂಡು, ಕೋಲಿನ ತುದಿ ಬುಡ ಮರದ ತುದಿ ಬುಡಕ್ಕೆ ಕೂಡೋವರೆಗೂ ಹಿಂದಕ್ಕೆ ಹೋಗಿ, ನೀವು ನಿಂತಿರೋ ಜಾಗದಿಂದ ಮರಕ್ಕೆ ಎಷ್ಟು ದೂರಾನೋ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಸಾಧ್ಯ ಆದ್ರೆ ಮುಂದೆ ಇನ್ನೊಂದು ಗಟ್ಟಿ ಮರದ ಬುಡಕ್ಕೆ ರಾಟೆ ಕಟ್ಟಿ ಹಗ್ಗ ತಿರುಗಿಸಿ, ಆಗ ಟ್ರ್ಯಾಕ್ಟ್ರು ಮರ ಬೀಳೋ ಸಾಲಲ್ಲೇ ಇರಲ್ಲ. ಎಲ್ಲಕ್ಕಿಂತ ಮುಖ್ಯ, ಹಗ್ಗ ಕಟ್ಟೋದು ಟ್ರ್ಯಾಕ್ಟ್ರು ಹಿಂದೆ ಕೆಳಗಿರೋ ಎಳೆಯೋ ಪಟ್ಟಿಗೆ, ಅಂದ್ರೆ ಡ್ರಾಬಾರಿಗೆ ಮಾತ್ರ. ಮೇಲಿನ ಲಿಂಕಿಗೋ ಸೀಟಿನ ಹಿಂದೆಗೋ ಕಟ್ಟಿ ಜಗ್ಗಿದ್ರೆ ಮೂತಿ ಮೇಲೆದ್ದು ಟ್ರ್ಯಾಕ್ಟ್ರು ಹಿಂದಕ್ಕೆ ಮಗುಚುತ್ತೆ, ಕ್ಲಚ್ ಒತ್ತೋಷ್ಟು ಟೈಮೂ ಸಿಗಲ್ಲ. ಜರ್ಕ್ ಹೊಡೀಬೇಡಿ, ಲೋ ಗೇರಲ್ಲಿ ನಿಧಾನ. ಬಿಗಿದ ಹಗ್ಗದ ಪಕ್ಕ ಯಾರೂ ನಿಲ್ಲಬಾರದು, ಕಿತ್ರೆ ಕೈಕಾಲು ಮುರಿಯುತ್ತೆ.

ಗರಗಸದವನು ಓಡೋ ದಾರಿ ಮೊದಲೇ ಸವರಿಟ್ಕೊಳ್ಳಿ, ಬೀಳೋ ದಿಕ್ಕಿಗೆ ನೇರ ಹಿಂದಕ್ಕಲ್ಲ, ಓರೆಯಾಗಿ ಹಿಂದಕ್ಕೆ. ಆಷಾಢದ ಗಾಳಿ ಇರುವಾಗ ಈ ಕೆಲಸ ಬೇಡ. ಹೆಜ್ಜೇನು ಕಟ್ಟಿದ್ಯಾ ನೋಡ್ಕೊಳ್ಳಿ. ಅಕಸ್ಮಾತ್ ಕೊಂಬೆ ತಂತಿ ಮೇಲೆ ಬಿದ್ದು ಗಾಡಿಗೆ ತಾಗಿದ್ರೆ ಡ್ರೈವರ್ ಇಳೀಬಾರದು, ಯಾರೂ ಹತ್ರ ಹೋಗ್ಬಾರದು, 1912ಕ್ಕೆ ಫೋನ್ ಮಾಡಿ ಕರೆಂಟ್ ತೆಗೆಸಿ.

ಪ್ರಶ್ನೆ: ಚಿಂತಾಮಣಿ ಹತ್ರ ನಮ್ಮ ಸ್ವಂತ ಜಮೀನಲ್ಲಿ ರಸ್ತೆ ಅಂಚಿಗೆ ನೀಲಗಿರಿ ಸಾಲು ಐತೆ. ಅದಕ್ಕೂ ಪರ್ಮಿಷನ್ ಬೇಕಾ? ಟ್ರ್ಯಾಕ್ಟ್ರಲ್ಲಿ ಎಳೆದ್ರೆ ಬೇಗ ಆಗುತ್ತಲ್ಲ?

ಉತ್ತರ: ಸ್ವಂತ ಜಮೀನಿನ ನೀಲಗಿರಿ ಕಡಿಯೋಕೆ ಆ ಕಾಯ್ದೆಯಲ್ಲೇ ವಿನಾಯ್ತಿ ಐತೆ, ಆದ್ರೆ ಸಾಲು ನಿಮ್ಮ ಸರ್ವೆ ನಂಬರೊಳಗೇ ಐತಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ನೀಲಗಿರಿ ಉದ್ದಕ್ಕೆ ಸೀಳೋ ಮರ ಕಣಪ್ಪ, ಕೊಯ್ಯೋಕೆ ಮೊದಲೇ ಟ್ರ್ಯಾಕ್ಟ್ರಲ್ಲಿ ಜೋರಾಗಿ ಜಗ್ಗಿಟ್ರೆ ಅರ್ಧ ಕೊಯ್ಯೋದ್ರೊಳಗೆ ಬುಡ ಸೀಳಿ ಮೇಲಕ್ಕೆ ಚಿಮ್ಮಿ ಗರಗಸ ಹಿಡಿದವನ ಎದೆಗೆ ಬಡಿಯುತ್ತೆ. ಹಗ್ಗ ಸಡಿಲ ಹೋಗದಷ್ಟು ಮಾತ್ರ ಹಿಡಿದಿರಿ, ಕೊಯ್ಯೋ ಜಾಗದ ಸ್ವಲ್ಪ ಮೇಲೆ ಬುಡಕ್ಕೆ ಚೈನ್ ಬಿಗೀರಿ. ಬೀಳೋ ಮರ ಪಕ್ಕದ ಮರಕ್ಕೆ ಸಿಕ್ಕಿ ನಿಂತ್ರೆ ಅದರ ಕೆಳಗೆ ಹೋಗ್ಬೇಡಿ, ಅದನ್ನ ಹಿಡಿದಿರೋ ಪಕ್ಕದ ಮರಾನೂ ಕೊಯ್ಬೇಡಿ, ದೂರದಿಂದ ಉದ್ದ ಹಗ್ಗ ಹಾಕಿ ಬುಡಾನ ಹಿಂದಕ್ಕೆ ಎಳೀರಿ, ಆಗ ಟ್ರ್ಯಾಕ್ಟ್ರು ನಿಜವಾಗ್ಲೂ ಬೇಕಾಗುತ್ತೆ.