ವಿಜ್ಞಾನದಲ್ಲಿ ಸಿದ್ಧಾಂತ ಸಾಬೀತಾದ ಮೇಲೆ ನಿಯಮ ಆಗುತ್ತದೆ ಎಂದು ಎಷ್ಟೋ ವಿದ್ಯಾರ್ಥಿಗಳು ನಂಬುವುದೇಕೆ?

ಊಹೆ, ಸಿದ್ಧಾಂತ, ನಿಯಮ ಎಂದು ಮೆಟ್ಟಿಲುಗಳ ಹಾಗೆ ಸಾಲಾಗಿ ಹೇಳಿಕೊಡುವುದು ಇದಕ್ಕೆ ದೊಡ್ಡ ಕಾರಣ. ನಿಜವಾಗಿ ಸಿದ್ಧಾಂತ ಎಂದೂ ನಿಯಮ ಆಗುವುದಿಲ್ಲ. ಏನಾಗುತ್ತದೆ ಎಂದು ನಿಯಮ ಹೇಳುತ್ತದೆ, ಯಾಕಾಗುತ್ತದೆ ಎಂದು ಸಿದ್ಧಾಂತ ವಿವರಿಸುತ್ತದೆ.

ಬಾಯ್ಲ್ ನಿಯಮವನ್ನೇ ನೋಡಿ. ಉಷ್ಣತೆ ಬದಲಾಗದಿದ್ದರೆ, ಒತ್ತಡ ಎರಡು ಪಟ್ಟಾದಾಗ ಅನಿಲದ ಗಾತ್ರ ಅರ್ಧವಾಗುತ್ತದೆ. ಇದು 1662ರಲ್ಲೇ ಪ್ರಕಟವಾಗಿತ್ತು. ಯಾಕೆ ಹಾಗೆ? ಅನಿಲದ ಕಣಗಳು ಸದಾ ಓಡಾಡುತ್ತಾ ಪಾತ್ರೆಯ ಗೋಡೆಗೆ ಬಡಿಯುತ್ತವೆ. ಜಾಗ ಕಡಿಮೆಯಾದರೆ ಬಡಿತ ಜಾಸ್ತಿ. ಇದನ್ನು ವಿವರಿಸುವ ಚಲನ ಸಿದ್ಧಾಂತ ಗಟ್ಟಿಯಾಗಿ ನೆಲೆ ನಿಂತದ್ದು 19ನೇ ಶತಮಾನದಲ್ಲಿ. ಅಂದರೆ ಇಲ್ಲಿ ನಿಯಮವೇ ಮೊದಲು ಬಂತು, ಅಲ್ವಾ?

ನಿಯಮಕ್ಕೂ ಮಿತಿ ಇದೆ. ತುಂಬಾ ಹೆಚ್ಚಿನ ಒತ್ತಡದಲ್ಲಿ ಬಾಯ್ಲ್ ಲೆಕ್ಕ ತಪ್ಪುತ್ತದೆ. ಇದನ್ನೂ ತರಗತಿಯಲ್ಲಿ ಹೇಳಲೇಬೇಕು.